ಬೈಬಲ್ ಓದೋಕೆ ಒಳ್ಳೇ ಆ್ಯಪ್, ಆದ್ರೆ ಈ ಸ್ಟ್ರೀಕ್ ಯಾಕೆ ಬೇಕಿತ್ತು?

ವರ್ಷದಲ್ಲಿ ಪೂರ್ತಿ ಬೈಬಲ್ ಓದಿಸೋ ಆ್ಯಪ್ ಇದು, 1189 ಅಧ್ಯಾಯನ ದಿನಕ್ಕೆ ಮೂರ್ನಾಲ್ಕರಂತೆ ಹಂಚಿಕೊಡುತ್ತೆ, ಆಡಿಯೋ ಕ್ಲಿಯರ್ ಆಗಿದೆ, ಅಕ್ಷರ ದೊಡ್ಡದು ಮಾಡ್ಕೋಬಹುದು, ನೆಟ್ ಇಲ್ದೇನೂ ಓಡುತ್ತೆ. ಅಲ್ಲಿವರೆಗೂ ಏನೂ ದೂರಿಲ್ಲ.

ಎಡವಟ್ಟಾಗಿರೋದು ಸ್ಟ್ರೀಕಲ್ಲಿ, ಅಂದ್ರೆ ಬಿಡದೆ ಸತತ ಎಷ್ಟು ದಿನ ಓದಿದ್ವಿ ಅನ್ನೋ ಲೆಕ್ಕದಲ್ಲಿ. ಒಂದಿನ ತಪ್ಪಿದ್ರೆ ಎಲ್ಲಾ ಸೊನ್ನೆ, ಆದ್ರೆ ಯಾವ ಅಧ್ಯಾಯ ತೆಗೆದ್ರೂ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ಜನ ರಾತ್ರಿ ಹನ್ನೆರಡಾಗೋಕೆ ಐದು ನಿಮಿಷ ಇರೋವಾಗ 117ನೇ ಕೀರ್ತನೆ ತೆಗೀತಾರೆ, ಅದರಲ್ಲಿ ಇರೋದೇ 2 ವಚನ, ಇಡೀ ಬೈಬಲ್‌ನಲ್ಲಿ ಅದಕ್ಕಿಂತ ಚಿಕ್ಕ ಅಧ್ಯಾಯ ಇಲ್ಲ, ಬೆರಳಲ್ಲಿ ಒಂದ್ಸಲ ಮೇಲಕ್ಕೆ ತಳ್ಳಿದ್ರೆ ಹಸಿರು ಟಿಕ್ ಬಿತ್ತು, ಫೋನ್ ಮಗುಚಿಟ್ಟು ಮಲಗೋದು. ಎಲ್ಲಾ ಜನಾಂಗದವರನ್ನೂ ದೇವರ ಸ್ತುತಿಗೆ ಕರೆಯೋ ಕೀರ್ತನೆ ಅದು, ಪಾಪ, ಹಾಜರಿ ಹಾಕೋಕೆ ಬಳಕೆ ಆಗ್ತಿದೆ.

ಪ್ರಾರ್ಥನೆ ಟೈಮರ್ ಇನ್ನೂ ವಿಚಿತ್ರ. ಒಂದು ನಿಮಿಷಕ್ಕಿಂತ ಕಮ್ಮಿ ಆದ್ರೆ ಲೆಕ್ಕಕ್ಕೇ ತಗೊಳ್ಳಲ್ಲ. ಲೂಕ 18ರಲ್ಲಿ ಯೇಸು ಹೇಳೋ ಕಥೆಲಿ ಸುಂಕದವನು, ಅಂದ್ರೆ ಜನ ಪಾಪಿ ಅಂತ ದೂರ ಇಟ್ಟಿದ್ದ ತೆರಿಗೆ ವಸೂಲಿಯವನು, ದೂರ ನಿಂತು ಎದೆ ಬಡ್ಕೊಂಡು ಮಾಡಿದ್ದು ಒಂದೇ ಸಾಲಿನ ಪ್ರಾರ್ಥನೆ, ಇಲ್ಲಿ ಅವನಿಗೆ ಸೊನ್ನೆ. ವಾರಕ್ಕೆರಡು ಉಪವಾಸ, ಎಲ್ಲದರಲ್ಲೂ ದಶಮಾಂಶ (ಹತ್ತರಲ್ಲೊಂದು ಪಾಲು ಕಾಣಿಕೆ) ಅಂತ ಪಟ್ಟಿ ಒಪ್ಪಿಸಿದ, ಅದೇ ಕಥೆಯ ಫರಿಸಾಯ, ಅಂದ್ರೆ ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಪಂಥದವನು, ಲೀಡರ್‌ಬೋರ್ಡಲ್ಲಿ ಫಸ್ಟ್! ಇಬ್ಬರಲ್ಲಿ ನೀತಿವಂತ ಅನಿಸ್ಕೊಂಡು ಮನೆಗೆ ಹೋದವನು ಆ ಸುಂಕದವನೇ ಅಂತ ಇದನ್ನ ಡಿಸೈನ್ ಮಾಡಿದವರಿಗೆ ಗೊತ್ತಿಲ್ದೇ ಇರುತ್ತಾ?

ಉಪವಾಸ ಮುಗೀತಿದ್ದ ಹಾಗೆ ಸ್ಟೇಟಸ್‌ಗೆ ಹಾಕೋಕೆ ಕಾರ್ಡ್ ಬೇರೆ ರೆಡಿ ಮಾಡ್ಕೊಡುತ್ತೆ. ಮತ್ತಾಯ 6ರಲ್ಲಿ ಉಪವಾಸ ಜನರಿಗೆ ಕಾಣದ ಹಾಗೆ ತಲೆಗೆ ಎಣ್ಣೆ ಹಚ್ಕೊಂಡು ಮುಖ ತೊಳ್ಕೋ ಅಂತಿದೆ, ಆ ಅಧ್ಯಾಯ ಮುಗಿಸಿದ್ರೂ ಕೆಳಗೆ ‘ಶೇರ್ ಮಾಡಿ’ ಅಂತ ಬರುತ್ತೆ, ನಗ್ಬೇಕೋ ಅಳ್ಬೇಕೋ.

ಹಾಗಂತ ನಿಯಮ ಇಟ್ಕೊಳ್ಳೋದೇ ತಪ್ಪು ಅಂತಲ್ಲ. ಬೈಬಲ್‌ನ ಪ್ರವಾದಿ ದಾನಿಯೇಲನೂ ದಿನಕ್ಕೆ ಮೂರು ಸಲ ಪ್ರಾರ್ಥನೆಗೆ ಮೊಣಕಾಲೂರ್ತಿದ್ದ, ರಾಜನನ್ನ ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಅಂತ ರಾಜಾಜ್ಞೆ ಬಂದ್ಮೇಲೂ ಬಿಡ್ಲಿಲ್ಲ, ಅದಕ್ಕೆ ಸಿಕ್ಕಿದ್ದು ಸಿಂಹದ ಗವಿ, ಬ್ಯಾಡ್ಜ್ ಅಲ್ಲ. ಮನಸ್ಸಿಲ್ಲದ ದಿನ ಕೂತು ಓದೋಕೆ ರಿಮೈಂಡರ್ ನಿಜವಾಗ್ಲೂ ಹೆಲ್ಪ್ ಆಗುತ್ತೆ. ಆದ್ರೆ ಕಾಣಿಕೆನ ಯಜ್ಞವೇದಿ ಮುಂದೆನೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಆಗು ಅಂತ ಮತ್ತಾಯ 5 ಹೇಳುತ್ತಲ್ಲ, ಯಾರಾದ್ರೂ ಆ ಮಾತು ಕೇಳಿ ಎದ್ದು ಹೋಗಿ ಅವತ್ತಿನ ಓದು ತಪ್ಪಿಸ್ಕೊಂಡ್ರೆ ಇಲ್ಲಿ ಸ್ಟ್ರೀಕ್ ಕಟ್.

ಸೆಟ್ಟಿಂಗ್ಸಲ್ಲಿ ರಿಮೈಂಡರ್ ಆಫ್ ಮಾಡ್ಬಹುದು, ಸ್ಟ್ರೀಕ್ ಆಫ್ ಮಾಡೋ ಆಪ್ಷನ್ ಇಲ್ಲ. ಅದು ಕೊಡೋ ತನಕ 3 ಸ್ಟಾರ್, ಅದರಲ್ಲಿ ಎರಡು ಆಡಿಯೋಗೆ.