ಮಾಂಟೆ ಕಾರ್ಲೋ ಮೊದಲಾ, ಸ್ಪಿನ್ ವೇವ್ ಮೊದಲಾ?

ಪುಣೆಯ ಪಾಷಾಣ್ ಕಡೆ ಫಿಸಿಕ್ಸ್ ಓದುವ ನಾವು ನಾಲ್ಕೈದು ಕನ್ನಡದವರು ಭಾನುವಾರ ಒಂದೇ ರೂಮಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುತ್ತೇವೆ. ವಿಜಯಪುರದಿಂದ ಹೊಸದಾಗಿ ಬಂದ ಹುಡುಗ ಕೇಳಿದ: "ಅಕ್ಕಾರ, ಆರ್ಡರ್ ಬೈ ಡಿಸಾರ್ಡರ್ ಕಲೀಬೇಕಂದ್ರ ಮೊದಲ ಯಾವುದು ಮಾಡ್ಲಿ? ಮಾಂಟೆ ಕಾರ್ಲೋನೋ, ಸ್ಪಿನ್ ವೇವ್ ಲೆಕ್ಕಾನೋ?" ಸ್ಪಿನ್ ಅಂದರೆ ಪರಮಾಣುವಿನ ಪುಟ್ಟ ಆಯಸ್ಕಾಂತದ ಬಾಣ. ಒಂದೇ ಶಕ್ತಿಯ ಹಲವು ಜೋಡಣೆಗಳಲ್ಲಿ ಒಂದನ್ನು ಸ್ಪಿನ್‌ಗಳ ಅಲುಗಾಟವೇ ಆರಿಸುವುದು ಆರ್ಡರ್ ಬೈ ಡಿಸಾರ್ಡರ್. ಮಾಂಟೆ ಕಾರ್ಲೋ ಅಂದರೆ ಕಂಪ್ಯೂಟರಿನಲ್ಲಿ ಸ್ಪಿನ್‌ಗಳನ್ನು ಅಡ್ಡಾದಿಡ್ಡಿ ತಿರುಗಿಸಿ ನೋಡುವುದು; ಸ್ಪಿನ್ ವೇವ್ ಅಂದರೆ ಸಾಲಾಗಿ ನಿಂತ ಸ್ಪಿನ್‌ಗಳಲ್ಲಿ ಓಡುವ ಸಣ್ಣ ಅಲುಗಾಟದ ಅಲೆ. ಒಂದೇ ಮಾದರಿಯ ಮೇಲೆ ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ಉತ್ತರ ಇಲ್ಲಿದೆ.

ಮಾದರಿ ಸರಳ. ಚೌಕ ಜಾಲಕ, ಅಂದರೆ ಚೌಕಗಳ ಬಲೆ, ಪ್ರತಿ ಬಿಂದುವಿನಲ್ಲೊಂದು ಸ್ಪಿನ್. ಪಕ್ಕದ ಸ್ಪಿನ್ ಜೊತೆಗಿನ ಸೆಳೆತದ ಬಲ ಜೆ1, ಕರ್ಣದ ಮೂಲೆಯ ಸ್ಪಿನ್ ಜೊತೆಗಿನದು ಜೆ2. ಈ ಎರಡು ಸೆಳೆತಗಳೂ ಸ್ಪಿನ್‌ಗಳನ್ನು ಎದುರು ದಿಕ್ಕಿಗೆ ತಿರುಗಿಸಲು ನೋಡುತ್ತವೆ. ಎಲ್ಲರ ಹಟವೂ ಒಟ್ಟಿಗೆ ನಡೆಯುವುದಿಲ್ಲ, ಅದೇ ಫ್ರಸ್ಟ್ರೇಶನ್. ಜೆ2 ಅನ್ನುವುದು ಜೆ1ರ ಅರ್ಧಕ್ಕಿಂತ ಜಾಸ್ತಿಯಾದರೆ ಜಾಲಕ ಚದುರಂಗದ ಮಣೆಯ ಕಪ್ಪು-ಬಿಳಿ ಮನೆಗಳ ಹಾಗೆ ಎರಡು ಗುಂಪಾಗುತ್ತದೆ. ಪ್ರತಿ ಗುಂಪಿನೊಳಗೆ ಸ್ಪಿನ್‌ಗಳು ಒಂದು ಬಿಟ್ಟು ಒಂದು ಮೇಲೆ-ಕೆಳಗೆ ನಿಲ್ಲುತ್ತವೆ. ಈಗ ಒಂದು ಬಿಳಿ ಮನೆಯನ್ನು ಹತ್ತಿರದಿಂದ ನೋಡಿ. ಪಕ್ಕದಲ್ಲಿ ನಾಲ್ಕು ಕಪ್ಪು ಸ್ಪಿನ್: ಎರಡು ಮೇಲ್ಮುಖ, ಎರಡು ಕೆಳಮುಖ. ಎಳೆತ ಕೂಡಿ ಸೊನ್ನೆ. ಹೀಗಾಗಿ ಎರಡು ಗುಂಪುಗಳ ನಡುವಿನ ಕೋನ ಎಷ್ಟೇ ಇರಲಿ, ಶಕ್ತಿ ಅಷ್ಟೇ. ಕೋನವನ್ನು ಆರಿಸುವ ಕೆಲಸ ಏರಿಳಿತಗಳದ್ದು, ಅಂದರೆ ಬಿಸಿಯಿಂದಲೋ ಕ್ವಾಂಟಮ್ ಕಾರಣದಿಂದಲೋ ಬರುವ ಅಲುಗಾಟದ್ದು. ಈ ವಿಚಾರವನ್ನು 1980ರಲ್ಲಿ ಭೌತವಿಜ್ಞಾನಿ ವಿಲಾನ್ ಮತ್ತು ಸಂಗಡಿಗರು ಮುಂದಿಟ್ಟರು. 1989ರಲ್ಲಿ ಹೆನ್ಲಿ ಇದೇ ಚೌಕ ಜಾಲಕಕ್ಕೆ ಅನ್ವಯಿಸಿದರು.

ಮಾಂಟೆ ಕಾರ್ಲೋದಲ್ಲಿ ಬಿಸಿಯ ಏರಿಳಿತ ಕಣ್ಣೆದುರೇ ಕೆಲಸ ಮಾಡುತ್ತದೆ. ತಾಪ ಇಳಿಸುತ್ತಾ ಹೋದರೆ ಎರಡೂ ಗುಂಪು ಒಂದೇ ಗೆರೆಗೆ ಬರುತ್ತವೆ. ಸ್ಪಿನ್‌ಗಳು ಅಡ್ಡಪಟ್ಟೆಯಾಗಿಯೋ ಉದ್ದಪಟ್ಟೆಯಾಗಿಯೋ ಸಾಲುಗೂಡುತ್ತವೆ. ನೋಡಲು ಬಹಳ ಖುಷಿ. ಆದರೆ ನಿಧಾನ. ಅಡ್ಡಪಟ್ಟೆಯ ತುಂಡೊಂದು ಉದ್ದಪಟ್ಟೆಯ ತುಂಡಿಗೆ ಅಂಟಿ ಕೂತರೆ ಗಡಿ ಬೇಗ ಅಳಿಯುವುದಿಲ್ಲ. ರಾತ್ರಿಯಿಡೀ ಓಡಿಸಿದರೂ ಉತ್ತರ ಗೊಂದಲವಾಗಿಯೇ ಉಳಿಯಬಹುದು. ಮೇಲಾಗಿ, ಏನಾಯ್ತು ಅಂತ ತೋರಿಸುತ್ತದೆ, ಯಾಕಾಯ್ತು ಅಂತ ಹೇಳುವುದಿಲ್ಲ.

ಸ್ಪಿನ್ ವೇವ್ ಲೆಕ್ಕ ಅರ್ಧ ಪುಟದ ಪೈಥಾನ್. ಕೋನ ಇಟ್ಟು ಅಲೆಗಳ ಆವರ್ತನ ತೆಗೆಯಬೇಕು. ಆವರ್ತನಗಳ ಅರ್ಧ ಮೊತ್ತ ಕ್ವಾಂಟಮ್ ಶಕ್ತಿ ಕೊಡುತ್ತದೆ. ಅವುಗಳದೇ ಲಾಗರಿದಮ್ ಕೂಡಿಸಿ ತಾಪದಿಂದ ಗುಣಿಸಿದರೆ ಬಿಸಿಯ ಪಾಲು ಸಿಗುತ್ತದೆ. ಒಂದೇ ಲೆಕ್ಕದಲ್ಲಿ ಎರಡೂ ಬಂತು, ಅಲ್ವಾ? ಕೋನ ಬದಲಿಸುತ್ತಾ ಬಿಡಿಸಿದ ಎರಡೂ ಗ್ರಾಫ್‌ಗಳ ತಗ್ಗು 0 ಮತ್ತು 180 ಡಿಗ್ರಿಯಲ್ಲಿ, ಎತ್ತರ 90ರಲ್ಲಿ. ಕಾರಣವೂ ಇಲ್ಲೇ ಇದೆ. ಕಪ್ಪು ಸ್ಪಿನ್ ತನ್ನ ದಿಕ್ಕಿಗೆ ಲಂಬವಾಗಿ ಅಲುಗುತ್ತದೆ. ಬಿಳಿ ಸ್ಪಿನ್ ಕೂಡ ಅದೇ ಗೆರೆಯಲ್ಲಿದ್ದರೆ ಆ ಅಲುಗಾಟ ಅದಕ್ಕೂ ಲಂಬವಾಗಿಯೇ ತಾಗುತ್ತದೆ, ಹೆಚ್ಚು ಸ್ಪಂದಿಸಲು ಬರುತ್ತದೆ.

ಕೊರತೆಯೂ ಇದೆ. ಈ ಸರಳ ಲೆಕ್ಕ ಪಟ್ಟೆ ಸ್ಥಿತಿಯಲ್ಲಿ ನಿಜಕ್ಕೂ ಇರಬೇಕಾದ್ದಕ್ಕಿಂತ ಹೆಚ್ಚು ಸೊನ್ನೆ-ಶಕ್ತಿ ಅಲೆಗಳನ್ನು ತೋರಿಸುತ್ತದೆ. ಏರಿಳಿತವೇ ಅವನ್ನು ಸೊನ್ನೆಯಿಂದ ಮೇಲೆತ್ತಿ ಶಕ್ತಿಯಲ್ಲಿ ಸಣ್ಣ ಅಂತರ ತರಬೇಕು. ಎರ್ಬಿಯಂ ಟೈಟನೇಟ್ ಎಂಬ ಪೈರೋಕ್ಲೋರ್‌ನಲ್ಲಿ (ಮೂಲೆ ಹಂಚಿಕೊಂಡ ಚತುರ್ಮುಖಿಗಳ ಸ್ಫಟಿಕ) ಇಂಥ ಅಂತರವನ್ನು 2014ರಲ್ಲಿ ನ್ಯೂಟ್ರಾನ್‌ನಿಂದ ಅಳೆದರು: ಸುಮಾರು 0.05 ಮಿಲಿ ಎಲೆಕ್ಟ್ರಾನ್ ವೋಲ್ಟ್. ಅದರಲ್ಲಿ ಸ್ಫಟಿಕ ಕ್ಷೇತ್ರದ (ಸುತ್ತಲ ಅಯಾನುಗಳ ವಿದ್ಯುತ್ ಕ್ಷೇತ್ರದ) ಪಾಲೂ ಇದೆ ಎನ್ನುವವರು ಇದ್ದಾರೆ.

ಎಲ್ಲ ಕ್ವಾಂಟಮ್ ಸ್ಥಿತಿಗಳನ್ನೂ ಸೇರಿಸಿ ಪೂರ್ತಿ ಮ್ಯಾಟ್ರಿಕ್ಸ್ ಬಿಡಿಸುವ ಮೂರನೆಯ ದಾರಿಯನ್ನು ಇದಕ್ಕೆ ನಾನು ಹೇಳುವುದಿಲ್ಲ. ಅರ್ಧ ಸ್ಪಿನ್ ಮೇಲೆ, ಅರ್ಧ ಕೆಳಗೆ ಇರುವ ಸ್ಥಿತಿಗಳನ್ನಷ್ಟೇ ಎಣಿಸಿದರೂ 16 ಸ್ಪಿನ್‌ಗೆ 12,870, ಸರಿ. 36ಕ್ಕೆ ಹೋದರೆ 900 ಕೋಟಿ ದಾಟುತ್ತದೆ.

ನನಗೆ ವಿಷಯ ತಲೆಗೆ ಹತ್ತಿದ್ದು ಜಾಲಕದಿಂದ ಕೆಲವು ಸ್ಪಿನ್ ತೆಗೆದುಹಾಕಿದಾಗ. ಕಪ್ಪು ಮನೆಯೊಂದು ಖಾಲಿಯಾದರೆ ಪಕ್ಕದ ಬಿಳಿ ಸ್ಪಿನ್ ಮೇಲಿನ ಎಳೆತ ಸೊನ್ನೆಯಾಗಿ ಉಳಿಯುವುದಿಲ್ಲ. ಆ ಎಳೆತ ಈ ಸಲ ಕಪ್ಪು ಸ್ಪಿನ್‌ಗಳ ದಿಕ್ಕಿನಲ್ಲೇ ಇರುತ್ತದೆ. ಅಡ್ಡಲಾಗಿ ಬಂದ ಎಳೆತಕ್ಕೇ ಸ್ಪಿನ್ ಹೆಚ್ಚು ಬಾಗುತ್ತದೆ, ಹಾಗಾಗಿ ಬಿಳಿ ಗುಂಪು 90 ಡಿಗ್ರಿ ತಿರುಗಿ ನಿಂತರೆ ಲಾಭ. ಕಡಿಮೆ ತಾಪದಲ್ಲಿ ಖಾಲಿ ಜಾಗ ಗೆಲ್ಲುತ್ತದೆ, ಬಿಸಿ ಏರಿದರೆ ಮತ್ತೆ ಒಂದೇ ಗೆರೆ. ಹೆನ್ಲಿ ಇದನ್ನೂ ಮೊದಲೇ ಹೇಳಿದ್ದರು. ಈ ಜಗ್ಗಾಟ ನೋಡಲು ಮಾಂಟೆ ಕಾರ್ಲೋನೇ ಬೇಕು.

ಆದ್ದರಿಂದ ಚೌಕ ಜಾಲಕಕ್ಕೆ ಸ್ಪಿನ್ ವೇವ್ ಮೊದಲು, ಖಾಲಿ ಜಾಗದ ಮಾಂಟೆ ಕಾರ್ಲೋ ಆಮೇಲೆ. ಕಗೋಮೆ ಜಾಲಕಕ್ಕೆ (ಮೂಲೆ ಹಂಚಿಕೊಂಡ ತ್ರಿಕೋನಗಳ ಬಲೆ) ಮಾತ್ರ ಉಲ್ಟಾ. ಅಲ್ಲಿ ಅಲೆಗಳ ಒಂದು ಇಡೀ ಪಟ್ಟಿಯೇ ಸೊನ್ನೆ ಶಕ್ತಿಯದು, ಸರಳ ಲೆಕ್ಕ ಕೈಕೊಡುತ್ತದೆ. ಮಾಂಟೆ ಕಾರ್ಲೋದಲ್ಲಿ ಕಡಿಮೆ ತಾಪದ ಉಷ್ಣಧಾರಕತೆ ನೋಡಿ: ಪ್ರತಿ ಸ್ಪಿನ್‌ಗೆ ಬೋಲ್ಟ್ಸ್‌ಮನ್ ಸ್ಥಿರಾಂಕದಷ್ಟು ಬರಬೇಕಾದ್ದು ಅದರ 11/12ಕ್ಕೆ ಇಳಿಯುತ್ತದೆ. ಆ ಸೊನ್ನೆ-ಶಕ್ತಿಯ ಮೆತ್ತನೆಯ ಅಲೆಗಳು ಅಲ್ಲಿವೆ, ಸ್ಪಿನ್‌ಗಳೆಲ್ಲ ಒಂದೇ ಸಮತಲಕ್ಕೆ ಬಂದಿವೆ ಎನ್ನುವುದು ಆ ಸಂಖ್ಯೆಯಿಂದಲೇ ತಿಳಿಯುತ್ತದೆ.