ಮರದ ಡೆಕ್‌ಗೆ ವಲೆಹೊ ಡೆಕ್ ಟ್ಯಾನ್: ಕಲಬುರಗಿ ಬಿಸಿಲಲ್ಲಿ ವರ್ಷಗಟ್ಟಲೆ ಬಳಸಿ ನೋಡಿದ್ದು

ಸ್ಪೇನಿನ ಬಣ್ಣದ ಕಂಪನಿ ವಲೆಹೊದ ಮಾಡೆಲ್ ಕಲರ್ ಅನ್ನುವ ಅಕ್ರಿಲಿಕ್ ಸಾಲಿನ 70.986 ನಂಬರಿನ ಬಣ್ಣ, ಅಂದರೆ ಡೆಕ್ ಟ್ಯಾನ್. 1/700 ಅಳತೆಯ (ನಿಜದ 700ರಲ್ಲೊಂದು ಪಾಲಿನ) ಪ್ಲಾಸ್ಟಿಕ್ ಯುದ್ಧನೌಕೆ ಮಾದರಿಗಳಿಗೆ ವರ್ಷಗಳಿಂದ ಇದನ್ನೇ ಬಳಿಯುತ್ತಿದ್ದೇನೆ. ಇಷ್ಟು ಚಿಕ್ಕ ಮಾದರಿಯಲ್ಲಿ ಮರದ ಡೆಕ್‌ಗೆ, ಅಂದರೆ ನೌಕೆಯ ಮೇಲಿನ ಹಲಗೆ ನೆಲಕ್ಕೆ, ಇದಕ್ಕಿಂತ ಒಪ್ಪುವ ಬಣ್ಣ ನನಗೆ ಸಿಕ್ಕಿಲ್ಲ.

ಪ್ಯಾಲೆಟ್ ಮೇಲೆ ಹನಿಸಿದಾಗ ಮರದ ಬಣ್ಣ ಅನಿಸುವುದೇ ಇಲ್ಲ, ಬೂದಿ ಕಲೆಸಿದ ತಿಳಿ ಕಂದು. ಅದೇ ಇದರ ದೊಡ್ಡ ಗುಣ. ಬ್ರಿಟಿಷರ ಯುದ್ಧನೌಕೆ ಹುಡ್‌ನ ಡೆಕ್ ಸಾಗವಾನಿಯದು. ಬಿಸಿಲು, ಉಪ್ಪುನೀರು ತಿಂದ ಸಾಗವಾನಿ ಹೊಂಬಣ್ಣ ಕಳೆದುಕೊಂಡು ಬೂದಿಗೆ ತಿರುಗುತ್ತದೆ. ಸಾಲದ್ದಕ್ಕೆ ನಾವಿಕರು ಮರಳುಗಲ್ಲಿನಿಂದ ತಿಕ್ಕಿ ತಿಕ್ಕಿ ಇನ್ನಷ್ಟು ಬೆಳ್ಳಗಾಗಿಸುತ್ತಿದ್ದರು. ನಮ್ಮ ಓಣಿಯ ಬಡಿಗೇರ ಕಾಕಾ ನನ್ನ ಹುಡ್ ನೋಡಿ, “ಅಂಗಳದಾಗ ಬಿದ್ದ ಹಳೀ ಸಾಗವಾನಿ ಹಿಂಗೇ ಇರ್ತದ ನೋಡಪ್ಪ” ಅಂದಾಗ ಆದ ಖುಷಿ ಅಷ್ಟಿಷ್ಟಲ್ಲ. ಫರ್ನಿಚರ್‌ನ ಕೆಂಪುಕಂದು ಬಣ್ಣ ಇಲ್ಲಿ ಒಪ್ಪುವುದಿಲ್ಲ.

262 ಮೀಟರ್ ಉದ್ದದ ಹುಡ್ ಈ ಅಳತೆಯಲ್ಲಿ 37 ಸೆಂ.ಮೀ. ಚಿಲ್ಲರೆ. 20 ಸೆಂ.ಮೀ. ಅಗಲದ ಹಲಗೆ ಅಂತ ಲೆಕ್ಕ ಹಿಡಿದರೂ 0.3 ಮಿ.ಮೀ. ದಾಟುವುದಿಲ್ಲ. ಶಹಾಬಾದ್ ಫರ್ಸಿ ಹಾಸಿದ ಪಡಸಾಲೆ ನೋಡಿ: ಹತ್ತಿರ ಕೂತರೆ ಕಲ್ಲಿಗೊಂದು ಛಾಯೆ, ಬಾಗಿಲಲ್ಲಿ ನಿಂತರೆ ಎಲ್ಲ ಒಂದೇ. ಡೆಕ್ ಕೂಡ ಹಾಗೇ ಕಾಣಬೇಕು. ಅದಕ್ಕೆ ಮೊದಲು ಪೂರ್ತಿ ಡೆಕ್ ಟ್ಯಾನ್‌ನ ತೆಳು ಪದರಗಳು. ಒಣಗಿದ ಮೇಲೆ ಅದೇ ಬಣ್ಣಕ್ಕೆ ಒಂದಿಷ್ಟು ಬಿಳಿ, ಬೇರೆ ಹನಿಗೆ ಅದೇ ಸಾಲಿನ 70.976 ಬಫ್ (ತಿಳಿ ಹಳದಿಗಂದು) ಕಲೆಸಿ, 00 ನಂಬರಿನ ಬ್ರಷ್‌ನಿಂದ ಅಲ್ಲೊಂದು ಇಲ್ಲೊಂದು ಹಲಗೆ ಎಳೆಯುತ್ತೇನೆ. ವ್ಯತ್ಯಾಸ ಕಂಡೂ ಕಾಣದಂತಿದ್ದರೆ ಸಾಕು. ಆಮೇಲೆ ಹೊಳಪಿನ (ಗ್ಲಾಸ್) ವಾರ್ನಿಷ್, ಅದರ ಮೇಲೆ ಟರ್ಪೆಂಟೈನ್‌ನಲ್ಲಿ ನೀರಾಗಿಸಿದ ಬರ್ಂಟ್ ಅಂಬರ್ ಅನ್ನುವ ಗಾಢ ಕಂದು ಆಯಿಲ್ ಕಲರ್. ಬ್ರಷ್ ತುದಿ ಹಲಗೆಗಳ ನಡುವಿನ ಗೆರೆಗೆ ತಾಗಿದರೆ ಸಾಕು, ಬಣ್ಣ ತಾನೇ ಸಂದು ಹಿಡಿದು ಓಡುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಬೇಜಾರಿಲ್ಲ. ಹೆಚ್ಚಾದದ್ದನ್ನು ಒರೆಸಿ, ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್.

ನೀರಿನಲ್ಲಿ ಕಲೆಯುವ ಅಕ್ರಿಲಿಕ್ ಯಾವುದೇ ಇರಲಿ, ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಬ್ರಷ್ ಮೇಲೇ ಒಣಗುತ್ತದೆ. ಫ್ಯಾನ್ ಹಾಕಿದರಂತೂ ಮುಗಿಯಿತು. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್ ಹಾಸಿ ಬಣ್ಣ ಇಟ್ಟುಕೊಳ್ಳಿ, ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ಒಂದು ಹನಿ ಸೇರಿಸಿ, ನಸುಕಿನಲ್ಲೇ ಕೂತುಬಿಡಿ. ಬೋರ್‌ವೆಲ್ ನೀರು ಬೇಡ, ಫಿಲ್ಟರ್ ನೀರೇ ಇರಲಿ. ಬರೀ ಪ್ಲಾಸ್ಟಿಕ್ ಮೇಲೆ ಉಗುರು ತಾಗಿದರೂ ಬಣ್ಣ ಏಳುತ್ತದೆ, ಎಲ್ಲಕ್ಕಿಂತ ಮೊದಲು ಬಣ್ಣ ಹಿಡಿಸುವ ತಳಪದರ, ಅಂದರೆ ಪ್ರೈಮರ್, ತಪ್ಪಿಸಬೇಡಿ.

ಗಾಜಿನ ಕಪಾಟಿನಲ್ಲಿಟ್ಟ ಹಳೆಯ ನೌಕೆಗಳ ಡೆಕ್ ಈವರೆಗೆ ಹಳದಿಗೆ ತಿರುಗಿಲ್ಲ. ಊರಿನ ಅಂಗಡಿಗಳಲ್ಲಿ ಇದು ನನಗೆ ಸಿಕ್ಕಿಲ್ಲ, ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಒಂದು ಬಾಟಲಿ ಈ ಅಳತೆಯ ಹಲವು ನೌಕೆಗಳಿಗೆ ಬರುತ್ತದೆ. ತರಿಸುವಾಗ ಬಫ್ ಕೂಡ ಜೊತೆಗೇ ತರಿಸಿಬಿಡಿ.