ಈಜುಕೊಳ ಸೋರುತ್ತಿದೆಯೇ? ಟೈಲ್ಸ್ ಒಡೆಯಲು ಬಿಡುವ ಮೊದಲು ಇದನ್ನು ಓದಿ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನಮ್ಮ ತೋಟದ ಮನೆಯಿದೆ. ಅಲ್ಲಿನ ಈಜುಕೊಳ 30 ಅಡಿ ಉದ್ದ, 15 ಅಡಿ ಅಗಲ, 4 ಅಡಿ ಆಳ. ನೀರು ದಿನಕ್ಕೆ ಎರಡು ಇಂಚು ಇಳಿಯತೊಡಗಿತು. ಎರಡು ಇಂಚು ಎಂದರೆ ಎರಡು ಸಾವಿರ ಲೀಟರ್! ನಮ್ಮ ಕಡೆ ಕೊಳವೆಬಾವಿಯಲ್ಲಿ ಕುಡಿಯಲು ಸಿಕ್ಕರೆ ಪುಣ್ಯ, ಕೊಳಕ್ಕೆ ಟ್ಯಾಂಕರ್ ನೀರೇ ಗತಿ. ಗಾಬರಿಬಿದ್ದು ರಿಪೇರಿಯವನನ್ನು ಕರೆಸಿದೆ.

ಬಂದವನು ನೀರಿಗೆ ಕೈ ಕೂಡ ಇಳಿಸಲಿಲ್ಲ. “ತಳ ಬಿರುಕು ಬಿಟ್ಟಿದೆ ಸರ್. ಖಾಲಿ ಮಾಡಿ, ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಬೇಕು.” ನಾನು ಹೇಳಿದೆ: ಮದುವೆಗೆಂದು ಹೋಗಿ ಹತ್ತು ದಿನ ಬಿಟ್ಟು ಬಂದಾಗ ನೀರು ಒಳಗಿನ ದೀಪದ ಮಟ್ಟಕ್ಕೆ ಇಳಿದು ಅಲ್ಲೇ ನಿಂತಿತ್ತು. “ಅದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಸರ್, ನಮಗೆ ಬಿಡಿ.” ಬಿಟ್ಟೆ. ತಳ ಬಿರುಕು ಬಿಟ್ಟಿದ್ದರೆ ನೀರು ತಳದವರೆಗೂ ಇಳಿಯಬೇಕಿತ್ತಲ್ಲವೇ? ಕಣ್ಣಾರೆ ಕಂಡಿದ್ದನ್ನು ಬಿಟ್ಟು ಅವನ ಮಾತು ನಂಬಿದೆ. ಇದನ್ನು ಬರೆಯಲೂ ನಾಚಿಕೆಯಾಗುತ್ತಿದೆ.

85 ಸಾವಿರ ರೂಪಾಯಿ ಕೊಟ್ಟೆ. ಮತ್ತೆ ಹತ್ತು ಟ್ಯಾಂಕರ್ ನೀರು ತುಂಬಿಸಿದೆ. ಮರುದಿನ ಬೆಳಿಗ್ಗೆ ಸ್ಕೇಲ್ ಹಿಡಿದು ನೋಡಿದರೆ ಎರಡು ಇಂಚು ಇಳಿದಿದೆ. ಅದೇ ಎರಡು ಇಂಚು!

ಫೋನ್ ಮಾಡಿದರೆ “ಹೊಸ ಸಿಮೆಂಟ್ ನೀರು ಕುಡಿಯುತ್ತದೆ, ಹದಿನೈದು ದಿನ ಕಾಯಿರಿ” ಎಂದ. ಕಾದೆ. ಆಮೇಲೆ “ದುರ್ಗದ ಬಿಸಿಲು ಸರ್, ಆವಿಯಾಗುತ್ತಿದೆ” ಎಂದ. ಹಾಗಾದರೆ ಟೈಲ್ಸ್ ಕಿತ್ತಿದ್ದು ಯಾಕೆ ಎಂದು ಕೇಳಿದೆ. ಅಂದಿನಿಂದ ಫೋನ್ ಎತ್ತಿಲ್ಲ.

ಕೊನೆಗೆ ಬಂದವರು ಪಂಪ್ ರಿಪೇರಿ ಮಾಡುವ ಹಿರಿಯರೊಬ್ಬರು. ಬಕೆಟ್‌ಗೆ ಕೊಳದ ನೀರನ್ನೇ ತುಂಬಿ, ಒಳಗೊಂದು ಕಲ್ಲಿಟ್ಟು ಮೆಟ್ಟಿಲ ಮೇಲೆ ನಿಲ್ಲಿಸಿದರು. ಒಳಗೆ, ಹೊರಗೆ ನೀರಿನ ಮಟ್ಟಕ್ಕೆ ಗುರುತು ಹಾಕಿದರು. ಮರುದಿನ ಬಕೆಟ್‌ನಲ್ಲಿ ಕಾಲು ಇಂಚು ಇಳಿದಿತ್ತು, ಕೊಳದಲ್ಲಿ ಎರಡು ಇಂಚು. “ಬಿಸಿಲು ಕುಡಿದದ್ದು ಕಾಲು ಇಂಚು ಯಜಮಾನರೇ, ಉಳಿದದ್ದೆಲ್ಲ ಸೋರಿಕೆ” ಎಂದರು. ಮೇನ್ ಸ್ವಿಚ್ ಆರಿಸಿ, ಪಂಪ್ ನಿಲ್ಲಿಸಿ, ನೀರು ಅಲುಗದಂತಾದ ಮೇಲೆ ದೀಪವನ್ನು ಹೊರತೆಗೆದರು. ಸಿರಿಂಜ್‌ನಿಂದ ಕೆಂಪು ಬಣ್ಣವನ್ನು ಮೆಲ್ಲಗೆ ಬಿಟ್ಟರು. ಗೋಡೆಯ ಪಕ್ಕ ಬಿಟ್ಟ ಬಣ್ಣ ಹೊಗೆಯಂತೆ ನಿಂತಲ್ಲೇ ನಿಂತಿತು. ದೀಪದ ಹಿಂದೆ ವೈರ್ ಹೋಗುವ ಪೈಪಿನ ಬಾಯಲ್ಲಿ ಬಿಟ್ಟದ್ದು ಮಾತ್ರ ದಾರದೆಳೆಯಂತಾಗಿ ಸರಸರನೆ ಒಳಗೆ ಹೋಯಿತು. ನೋಡುತ್ತ ನನ್ನ ಹೊಟ್ಟೆ ಉರಿದುಹೋಯಿತು. ನೀರಿನಲ್ಲೂ ಗಟ್ಟಿಯಾಗುವ ಎಪಾಕ್ಸಿ ಮೆತ್ತಿ ಅದನ್ನು ಮುಚ್ಚಿದರು. ಒಂದು ಗಂಟೆಯ ಕೆಲಸ, ಸಾವಿರ ರೂಪಾಯಿಯೂ ದಾಟಲಿಲ್ಲ.

ಬಕೆಟ್ ಇಡದೆ, ಬಣ್ಣ ಬಿಟ್ಟು ತೋರಿಸದೆ ನೀರು ಖಾಲಿ ಮಾಡಿಸಿ ಎನ್ನುವವನಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಕೆಲಸ ಮುಗಿದ ಮೇಲೂ ಒಂದು ವಾರ ಮಟ್ಟ ಅಳೆದು ನೋಡಿಯೇ ಬಾಕಿ ಹಣ ಕೊಡಿ. ನಾನು ಎಲ್ಲವನ್ನೂ ಮೊದಲೇ ಕೊಟ್ಟುಬಿಟ್ಟಿದ್ದೆ.